ಲಾನ್ ಇದ್ದ ಜಾಗದಲ್ಲಿ ಈಗ ತಂಗಡಿ

2024ರ ಮಾರ್ಚ್‌ನಲ್ಲಿ ನಮ್ಮ ಬೋರ್‌ವೆಲ್ ನೀರು ಇಳಿಯುತ್ತಾ ಬಂತು. ಅದೇ ತಿಂಗಳು ಬೆಂಗಳೂರು ಜಲಮಂಡಳಿಯ ಆದೇಶವೂ ಬಂತು: ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ. ಮನೆ ಮುಂದಿನ 20x15 ಅಡಿ ಲಾನಿಗೆ ಎಷ್ಟು ನೀರು ಹಾಕುತ್ತಿದ್ದೇವೆ ಎಂದು ನಾನು ಅಳೆದು ನೋಡಿದ್ದು ಆಗಲೇ. ಬಕೆಟ್ ಲೆಕ್ಕದಲ್ಲಿ ದಿನಕ್ಕೆ ಸುಮಾರು 150 ಲೀಟರ್. ಬೀದಿಯವರೆಲ್ಲ ಟ್ಯಾಂಕರ್‌ಗೆ ಕಾಯುತ್ತಿರುವಾಗ ಅಷ್ಟು ನೀರನ್ನು ಹುಲ್ಲಿಗೆ ಸುರಿಯಲು ಮನಸ್ಸು ಒಪ್ಪಲಿಲ್ಲ.

ನೀರು ನಿಲ್ಲಿಸಿದ ಮಾತ್ರಕ್ಕೆ ಹುಲ್ಲು ಸಾಯುವುದಿಲ್ಲ, ಒಂದು ಗೆಣ್ಣು ಉಳಿದರೂ ಮತ್ತೆ ಚಿಗುರುತ್ತದೆ. ಗುದ್ದಲಿಯಲ್ಲಿ ಕೆತ್ತಿ, ಕೂತು ಆರಿಸಿದೆವು. ಮೇಲೆ ರಟ್ಟು ಹಾಸಿ, ತರಗೆಲೆ ಮುಚ್ಚಿ ಮಳೆಗೆ ಕಾದೆವು.

ಮೊದಲ ತಪ್ಪು ನನ್ನದೇ. ಹುಲ್ಲಿನ ಜಾಗಕ್ಕೆಂದು ತಂದು ನೆಟ್ಟ ತಂಗಡಿ (ಆವರಿಕೆ) ಸಸಿಗೆ ಗೊಬ್ಬರ ಹಾಕಿ, ದಿನಾ ನೀರುಣಿಸಿದೆ. ಎಲೆ ಹಳದಿಯಾಯಿತು. ಕಿತ್ತು ನೋಡಿದರೆ ಬೇರು ಕಪ್ಪಾಗಿ ಕೊಳೆತಿತ್ತು. ಬಯಲಲ್ಲಿ, ಕಲ್ಲು ಮಣ್ಣಿನಲ್ಲಿ ಬೆಳೆಯುವ ಗಿಡ ಅದು. ಆಮೇಲೆ ಬೀಜವನ್ನೇ ತಂದೆ. ಸಿಪ್ಪೆ ಗಟ್ಟಿ, ಹಾಗೇ ಬಿತ್ತಿದರೆ ತಿಂಗಳುಗಟ್ಟಲೆ ಮಲಗಿರುತ್ತದೆ. ಒಂದೊಂದನ್ನೂ ಮರಳು ಕಾಗದಕ್ಕೆ ಒಂದು ಬದಿ ತಿಕ್ಕಿ, ಒಳಗಿನ ಬಿಳಚು ಬಣ್ಣ ಕಂಡ ಕೂಡಲೇ ನಿಲ್ಲಿಸಿ, ರಾತ್ರಿ ನೆನೆಸಿ, ಮೃಗಶಿರಾ ಮಳೆ ಬಿದ್ದ ಮೇಲೆ ಗುಂಡಿಗೆ ಎರಡರಂತೆ ಊರಿದೆ. ವಾರದೊಳಗೆ ಮೊಳಕೆ ಬಂತು. ಈಗ ಸೊಂಟದೆತ್ತರ, ಮೈತುಂಬ ಹಳದಿ ಹೂವು. ಎಲೆ ತಿರುಗಿಸಿದರೆ ನಡುನರದ ಉದ್ದಕ್ಕೂ ಅಂಟಿಕೊಂಡ ಹಸಿರು ಕಂಬಳಿಹುಳು. ಎಲೆಯ ಬಣ್ಣವೇ ಅದಕ್ಕೂ. ತಿಳಿಹಳದಿ ಚಿಟ್ಟೆಯ ಮರಿ. ಔಷಧಿ ಹೊಡೆಯುವುದಿಲ್ಲ.

ಅಂಚಿಗೆ ಲಾವಂಚ, ಗೋಡೆ ಪಕ್ಕ ಆಡುಸೋಗೆ ಮತ್ತು ಗೋರಂಟೆ. ತುಂಬೆ ಮಾತ್ರ ಯಾರೂ ಹಾಕದೆ ತಾನೇ ಬಂತು. "ಇದು ಕಳೆ ಅಲ್ವಾ ಅಮ್ಮಾ, ಕಿತ್ತಾಕ್ಲಾ?" ಅಂದ ಮಾಲಿ. ಬೇಡ ಅಂದೆ. ನಮ್ಮತ್ತೆ ದಿನಾ ಬೆಳಿಗ್ಗೆ ಅದರ ಬಿಳಿ ಹೂವನ್ನು ಬೊಗಸೆಗೆ ಉದುರಿಸಿಕೊಂಡು ಶಿವನಿಗೆ ಏರಿಸುತ್ತಾರೆ.

ಏಪ್ರಿಲ್‌ನಲ್ಲಿ ತೋಟ ಬಾಡಿದಂತೆ ಕಾಣುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ತುಂಬೆ ಪೂರ್ತಿ ಒಣಗಿ ಬೀಜ ಚೆಲ್ಲುತ್ತದೆ. ಆಗ ನೀರು ಹಾಕದೆ ಕೈ ತಡೆದುಕೊಳ್ಳುವುದೇ ಕಷ್ಟ. ಹದಿನೈದು ದಿನಕ್ಕೊಮ್ಮೆ, ಆಡುಸೋಗೆಯ ಬುಡಕ್ಕೆ ಮಾತ್ರ, ಅಕ್ಕಿ ತೊಳೆದ ನೀರು ಹಾಕುತ್ತೇನೆ. ಈ ವರ್ಷದ ತಂಗಡಿ ಬೀಜ ಡಬ್ಬಿಯಲ್ಲಿದೆ. ಎದುರು ಮನೆಯವರೂ ಒಂದು ಹಿಡಿ ಕೇಳಿದ್ದಾರೆ.