ಪದ್ಯದ ನಡುವೆ ಟಕ್ ಎಂದರೆ ಎಲ್ಲಿ ಹುಡುಕಬೇಕು?

ಬದಿಯಡ್ಕದ ನಮ್ಮ ಮನೆಯ ಚಾವಡಿಯಲ್ಲಿ ತಾಳಮದ್ದಳೆ ರೆಕಾರ್ಡ್ ಮಾಡುತ್ತಿದ್ದೆ. ಏರು ಪದ್ಯಕ್ಕೆ ಚೆಂಡೆ ಸೇರಿದ್ದೇ ತಡ, ಹೆಡ್‌ಫೋನಿನಲ್ಲಿ ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ ಸದ್ದು. ಭಾಗವತರಿಗೆ ಎಪ್ಪತ್ತು ದಾಟಿದೆ. ಇನ್ನೊಮ್ಮೆ ಹಾಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಆ ಪದ್ಯ ಹಾಗೇ ಹೋಯಿತು.

ನಿಮಗೂ ಹೀಗಾದರೆ ಮೊದಲು ಪ್ಲಗ್‌ಇನ್‌ಗಳನ್ನೆಲ್ಲ (ಧ್ವನಿಯನ್ನು ತಿದ್ದುವ ಸಣ್ಣ ಸಾಫ್ಟ್‌ವೇರ್‌ಗಳು) ಆಫ್ ಮಾಡಿ, ಅದೇ ಜಾಗವನ್ನು ಎರಡು ಸಲ ಕೇಳಿ. ಎರಡೂ ಸಲ ಟಕ್ ಅಲ್ಲಿಯೇ ಬಂದರೆ ಅದು ಫೈಲಿನೊಳಗೇ ಉಂಟು. ಜಾಗ ಬದಲಾದರೆ ರೆಕಾರ್ಡಿಂಗ್ ಸರಿಯೇ ಇದೆ, ಕೇಳಿಸುವಾಗ ಮಾತ್ರ ಕಂಪ್ಯೂಟರ್ ಎಡವುತ್ತಿದೆ.

ಧ್ವನಿ ಕಂಪ್ಯೂಟರಿಗೆ ತುಂಡು ತುಂಡಾಗಿ ಹೋಗುತ್ತದೆ. ಆ ತುಂಡಿನ ಅಳತೆಯೇ ಬಫರ್. 44,100 ಹರ್ಟ್ಸ್‌ನಲ್ಲಿ 128 ಸ್ಯಾಂಪಲ್ (ಸೆಕೆಂಡಿಗೆ 44,100 ಸಲ ಅಳೆದ ಧ್ವನಿಯ ಒಂದೊಂದು ಅಳತೆ) ಎಂದರೆ ಸುಮಾರು 3 ಮಿಲಿಸೆಕೆಂಡ್. ಅಷ್ಟರೊಳಗೆ ಕೆಲಸ ಮುಗಿಯದಿದ್ದರೆ ಟಕ್. 512 ಇಟ್ಟರೆ ಸುಮಾರು 12 ಮಿಲಿಸೆಕೆಂಡ್ ಸಿಗುತ್ತದೆ. ಬಫರ್ ದೊಡ್ಡದಾದರೆ ಸಾಫ್ಟ್‌ವೇರ್ ಮೂಲಕ ಧ್ವನಿ ತುಸು ತಡವಾಗಿ ಕೇಳುತ್ತದೆ. ಆದರೆ ತಾಳಮದ್ದಳೆಯಲ್ಲಿ ಯಾರೂ ತಮ್ಮ ಸ್ವರವನ್ನು ಸಾಫ್ಟ್‌ವೇರ್ ಮೂಲಕ ಕೇಳಿಕೊಳ್ಳಬೇಕಾಗಿಲ್ಲ, ಹಾಗಾಗಿ ಧೈರ್ಯವಾಗಿ 512 ಅಥವಾ 1024 ಇಡಿ. ಹೆಡ್‌ಫೋನ್ ಬೇಕಾದವರಿಗೆ ಇಂಟರ್‌ಫೇಸಿನ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಡೈರೆಕ್ಟ್ ಮಾನಿಟರ್ ಸಾಕು, ಅದು ಸ್ವರವನ್ನು ಕಂಪ್ಯೂಟರ್ ಸುತ್ತಿಸದೆ ನೇರ ಹೆಡ್‌ಫೋನಿಗೆ ಕೊಡುತ್ತದೆ. ನಾನು ಬಳಸುವ ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರಿನಲ್ಲಿ ಬಫರ್ ಬದಲಿಸುವುದು ಪ್ರಿಫರೆನ್ಸಸ್‌ನೊಳಗೆ ಆಡಿಯೋ, ಡಿವೈಸ್ ಎಂಬಲ್ಲಿದೆ. ವಿಂಡೋಸ್ ಆದರೆ ಅಲ್ಲೇ ನಿಮ್ಮ ಇಂಟರ್‌ಫೇಸಿನದೇ ಎಎಸ್‌ಐಒ ಡ್ರೈವರ್ (ಧ್ವನಿಯನ್ನು ಹೆಚ್ಚು ತಡವಿಲ್ಲದೆ ಸಾಗಿಸುವ ಸಾಫ್ಟ್‌ವೇರ್) ಆರಿಸಿ.

ನಾನು 1024ಕ್ಕೆ ಏರಿಸಿದ ಮೇಲೂ ಆಗೊಮ್ಮೆ ಈಗೊಮ್ಮೆ ಟಕ್ ನಿಲ್ಲಲಿಲ್ಲ. ಸಿಪಿಯು ಮೀಟರ್ ನೋಡಿದರೆ ಇಪ್ಪತ್ತು ಶೇಕಡವೂ ಇಲ್ಲ! ಯಾವ ಡ್ರೈವರ್ ತಡ ಮಾಡುತ್ತಿದೆ ಎಂದು ತೋರಿಸುವ ಲೇಟೆನ್ಸಿಮಾನ್ ಎಂಬ ಉಚಿತ ಪ್ರೋಗ್ರಾಂ ಹತ್ತು ನಿಮಿಷ ಓಡಿಸಿದಾಗ ಕಳ್ಳ ಸಿಕ್ಕಿದ: ವೈಫೈ ಡ್ರೈವರ್. ಅದು ನಡುನಡುವೆ ಪ್ರೊಸೆಸರನ್ನು ಹಿಡಿದಿಟ್ಟುಕೊಂಡು ಧ್ವನಿಯ ಸರದಿ ತಪ್ಪಿಸುತ್ತಿತ್ತು. ವೈಫೈ ಆಫ್ ಮಾಡಿದೆ, ಟಕ್ ನಿಂತಿತು. ಮೀಟರ್ ಕಡಿಮೆ ತೋರಿಸುತ್ತದೆಂದು ಕಂಪ್ಯೂಟರ್ ಸರಿಯಿದೆ ಎಂದುಕೊಳ್ಳಬೇಡಿ.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನದ್ದೂ ಒಂದು ಉಪದ್ರ. ಲ್ಯಾಪ್‌ಟಾಪ್ ಬ್ಯಾಟರಿಗೆ ಹೋದ ಕೂಡಲೇ ವೇಗ ತಗ್ಗಿಸುತ್ತದೆ. ಪವರ್ ಪ್ಲಾನನ್ನು ಹೈ ಪರ್ಫಾರ್ಮೆನ್ಸಿಗೆ ಹಾಕಿ, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ಕರೆಂಟ್ ಉಳಿಸಲು ಯುಎಸ್‌ಬಿ ಸಾಧನವನ್ನು ಮಲಗಿಸುವ ವ್ಯವಸ್ಥೆ) ನಿಲ್ಲಿಸಿ, ಸಾಧ್ಯವಾದರೆ ಇನ್ವರ್ಟರಿನ ಪ್ಲಗ್ಗಿಗೇ ಚಾರ್ಜರ್ ಸಿಕ್ಕಿಸಿ. ಇಂಟರ್‌ಫೇಸಿನ ಕೇಬಲ್ ಯುಎಸ್‌ಬಿ ಹಬ್‌ಗಲ್ಲ, ನೇರ ಲ್ಯಾಪ್‌ಟಾಪಿಗೆ.

ಮಿಕ್ಸ್ ಮಾಡುವಾಗ ತಡವರಿಸಿದರೆ ಪ್ರತಿ ಟ್ರ್ಯಾಕಿಗೂ ಬೇರೆ ರಿವರ್ಬ್ (ಸಭಾಂಗಣದ ಅನುರಣನ ತರುವ ಪ್ಲಗ್‌ಇನ್) ಹಾಕಬೇಡಿ. ಒಂದೇ ರಿವರ್ಬ್ ಟ್ರ್ಯಾಕಿಗೆ ಎಲ್ಲವನ್ನೂ ಕಳಿಸಿ, ಮುಗಿದ ಟ್ರ್ಯಾಕನ್ನು ಫ್ರೀಜ್ ಮಾಡಿ, ಅಂದರೆ ಪ್ಲಗ್‌ಇನ್ ಸಮೇತ ಸಿದ್ಧ ಧ್ವನಿಯಾಗಿ ಉಳಿಸಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲವಾದರೆ ಯಾವುದರಿಂದ ಸರಿಯಾಯಿತೆಂದು ಗೊತ್ತಾಗುವುದಿಲ್ಲ. ಪರೀಕ್ಷೆಗೆ ನಾನು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಮೈಕಿನ ಮುಂದಿಟ್ಟು ಅರ್ಧ ಗಂಟೆ ರೆಕಾರ್ಡ್ ಮಾಡುತ್ತೇನೆ. ಚೆಂಡೆಯ ಪೆಟ್ಟಿನಲ್ಲಿ ಅಡಗುವ ಟಕ್, ಎಡೆಬಿಡದ ಶ್ರುತಿಯಲ್ಲಿ ಅಡಗಲಾರದು. ಆ ಅರ್ಧ ಗಂಟೆ ಶುದ್ಧವಾಗಿ ಬಂದ ಮೇಲೆಯೇ ಈಗ ಭಾಗವತರಿಗೆ ಫೋನ್ ಮಾಡುವುದು.