ಕಾಲೇಜ್ ಟೌನ್ ಆರಿಸುವ ಮೊದಲು ಮಗುವಿನ ವಯಸ್ಸು ಲೆಕ್ಕ ಹಾಕಿ

ಅಮೆರಿಕದಲ್ಲಿರುವ ನಮ್ಮ ಕುಟುಂಬಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ: ‘ಮಕ್ಕಳು ಹೈಸ್ಕೂಲಿಗೆ ಬರುವಷ್ಟರಲ್ಲಿ ಒಳ್ಳೆಯ ಕಾಲೇಜ್ ಟೌನ್‌ಗೆ ಹೋಗಿಬಿಡಬೇಕು.’ ಕಾಲೇಜ್ ಟೌನ್ ಅಂದರೆ ದೊಡ್ಡ ವಿಶ್ವವಿದ್ಯಾಲಯದ ಸುತ್ತ ಬೆಳೆದ ಊರು. ಆಸೆ ಸರಿಯಾದದ್ದೇ. ಆನ್ ಆರ್ಬರ್, ಮ್ಯಾಡಿಸನ್, ಚಾಪೆಲ್ ಹಿಲ್, ವೆಸ್ಟ್ ಲಫಾಯೆಟ್‌ನಂಥ ಊರುಗಳಲ್ಲಿ ಶಾಲೆಗಳಿಗೆ ಒಳ್ಳೆಯ ಹೆಸರಿದೆ, ಹತ್ತಾರು ದೇಶಗಳ ಮಕ್ಕಳು ಒಂದೇ ತರಗತಿಯಲ್ಲಿ ಕೂರುತ್ತಾರೆ, ಡಬ್ಬಿಯಲ್ಲಿ ಚಿತ್ರಾನ್ನ ಒಯ್ದ ಮಗುವನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಆದರೆ ಬಹಳಷ್ಟು ಜನ ಹುಡುಕಾಟವನ್ನು ವಿಶ್ವವಿದ್ಯಾಲಯದ ರ‍್ಯಾಂಕಿಂಗ್‌ನಿಂದ ಶುರು ಮಾಡುತ್ತಾರೆ. ವೀಸಾ ಮೇಲಿರುವ ಕುಟುಂಬ ರ‍್ಯಾಂಕಿಂಗನ್ನು ಕೊನೆಗೆ ನೋಡಿದರೂ ನಡೆಯುತ್ತದೆ. ಮೊದಲು ನೋಡಬೇಕಾದದ್ದು ನಿಮ್ಮ ವೀಸಾ, ಆಮೇಲೆ ಮಗು ಹುಟ್ಟಿದ ತಾರೀಖು. ಇವೆರಡನ್ನೂ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಂಡು ಮುಂದಕ್ಕೆ ಓದಿ.

ಮೊದಲ ಹೆಜ್ಜೆ: ವಕೀಲರಿಗೆ ಫೋನ್, ಆಮೇಲೆ ಮನೆ ಹುಡುಕಾಟ

‘ಕೆಲಸ ಹೇಗೂ ಮನೆಯಿಂದಲೇ, ಎಲ್ಲಿದ್ದರೇನು’ ಎಂದುಕೊಂಡು ಎಚ್-1ಬಿ (ಪರಿಣತ ಕೆಲಸಗಾರರ ವೀಸಾ) ಮೇಲಿರುವವರು ಊರು ಬದಲಿಸಿಬಿಡುವುದುಂಟು. ಇದು ಅಪಾಯ. ಎಚ್-1ಬಿ ಅರ್ಜಿಯಲ್ಲಿ ಕೆಲಸದ ಸ್ಥಳ ನಮೂದಾಗಿರುತ್ತದೆ. ಮನೆಯಲ್ಲಿ ಕೂತು ಕೆಲಸ ಮಾಡಿದರೆ ಆ ಮನೆಯೇ ಕೆಲಸದ ಸ್ಥಳ. ಹಳೆಯ ಮಹಾನಗರ ವಲಯ ಬಿಟ್ಟು ಹೊರಗೆ ಹೋಗುವುದಾದರೆ, ಹೋಗುವ ಮೊದಲೇ ಕಂಪನಿ ಹೊಸ ಎಲ್‌ಸಿಎ (ಸಂಬಳ, ಸ್ಥಳ ನಮೂದಿಸಿ ಕಾರ್ಮಿಕ ಇಲಾಖೆಯಿಂದ ಪಡೆಯುವ ಒಪ್ಪಿಗೆ) ಪಡೆದು ತಿದ್ದುಪಡಿ ಅರ್ಜಿ ಸಲ್ಲಿಸಬೇಕು. ವಲಸೆ ಇಲಾಖೆಯ ಮೇಲ್ಮನವಿ ಕಚೇರಿ ಕೊಟ್ಟ 2015ರ ‘ಸಿಮಿಯೊ’ ನಿರ್ಣಯದ ನಂತರ ಇದರಲ್ಲಿ ಅನುಮಾನಕ್ಕೆ ಜಾಗವಿಲ್ಲ. ಗ್ರೀನ್ ಕಾರ್ಡಿನ ಮೊದಲ ಹಂತವಾದ ಪರ್ಮ್ (ಕಾರ್ಮಿಕ ಪ್ರಮಾಣಪತ್ರ) ಕೂಡ ಸ್ಥಳಕ್ಕೆ ಅಂಟಿಕೊಂಡದ್ದು. ದಿನಾ ಓಡಾಡಬಹುದಾದ ದೂರ ದಾಟಿದರೆ ಅದನ್ನು ಹೊಸದಾಗಿ ಮಾಡಬೇಕಾಗಿ ಬರಬಹುದು. ಅದರ ಮುಂದಿನ ಹಂತವಾದ ಐ-140 (ಕಂಪನಿ ಹಾಕುವ ಅರ್ಜಿ) ಮಂಜೂರಾಗಿದ್ದರೆ ಸಾಮಾನ್ಯವಾಗಿ ಪ್ರಯಾರಿಟಿ ಡೇಟ್ (ಸರತಿಯಲ್ಲಿ ನಿಮ್ಮ ಜಾಗ ಹೇಳುವ ತಾರೀಖು) ಉಳಿಯುತ್ತದೆ, ಅಷ್ಟು ನೆಮ್ಮದಿ. ಹಾಗಾಗಿ ಐ-140 ಬಾಕಿ ಇದ್ದಾಗ ಊರು ಬದಲಿಸಬೇಡಿ, ಆರು ತಿಂಗಳು ತಡವಾದರೂ ಸರಿ ಎಂಬುದು ನನ್ನ ಸಲಹೆ.

ಕಾಲೇಜ್ ಟೌನ್‌ನಲ್ಲಿ ಮಾತ್ರ ಸುಲಭವಾಗಿ ಸಿಗುವ ಒಂದು ಅನುಕೂಲವೂ ಇಲ್ಲಿದೆ. ಕಂಪನಿಗಳ ಎಚ್-1ಬಿಗೆ ವರ್ಷಕ್ಕೆ 65,000, ಅಮೆರಿಕದಲ್ಲಿ ಸ್ನಾತಕೋತ್ತರ ಓದಿದವರಿಗೆ ಇನ್ನೂ 20,000 ಎಂಬ ಮಿತಿಯಿದೆ, ಅದಕ್ಕೆ ಲಾಟರಿ. ವಿಶ್ವವಿದ್ಯಾಲಯಗಳು ಮತ್ತು ಅವುಗಳಿಗೆ ಸೇರಿದ ಲಾಭರಹಿತ ಆಸ್ಪತ್ರೆ, ಸಂಶೋಧನಾ ಸಂಸ್ಥೆಗಳು 2000ದ ಕಾನೂನಿನ ಪ್ರಕಾರ ಈ ಮಿತಿಯಿಂದ ಹೊರಗೆ. ಲಾಟರಿ ಇಲ್ಲ, ಏಪ್ರಿಲ್‌ವರೆಗೆ ಕಾಯುವುದೂ ಇಲ್ಲ. ಎಚ್-4 (ಎಚ್-1ಬಿಯವರ ಸಂಗಾತಿ ಮತ್ತು ಮಕ್ಕಳ ವೀಸಾ) ಮೇಲಿದ್ದು, ಸಂಗಾತಿಯ ಐ-140 ಆಗದೆ ಇಎಡಿ (ಕೆಲಸದ ಪರವಾನಗಿ) ಸಿಗದೆ, ಬಯೋಟೆಕ್ನಾಲಜಿಯ ಎಂ.ಎಸ್ಸಿ.ಯನ್ನು ಅಡುಗೆಮನೆಯ ಕಪಾಟಿನಲ್ಲಿಟ್ಟ ಎಷ್ಟೋ ಹೆಣ್ಣುಮಕ್ಕಳನ್ನು ಬಲ್ಲೆ. ಅಂಥವರಿಗೆ ವಿಶ್ವವಿದ್ಯಾಲಯದ ಪ್ರಯೋಗಾಲಯ ನಿಜವಾದ ದಾರಿ. ಒಂದು ಎಚ್ಚರಿಕೆ: ಈ ದಾರಿಯಲ್ಲಿ ಬಂದವರು ಮುಂದೆ ಖಾಸಗಿ ಕಂಪನಿಗೆ ಹೋಗಬೇಕೆಂದರೆ ಆಗ ಲಾಟರಿ ಎದುರಿಸಲೇಬೇಕು. ಊರು ಆರಿಸುವ ಮೊದಲು ಆ ವಿಶ್ವವಿದ್ಯಾಲಯದ ಉದ್ಯೋಗ ಪುಟದಲ್ಲಿ ಮನೆಯ ಎರಡನೆಯವರ ಓದಿಗೆ ಹೊಂದುವ ಹುದ್ದೆಗಳು ಬರುತ್ತಿವೆಯೇ ಎಂದು ಒಂದೆರಡು ತಿಂಗಳು ಗಮನಿಸಿ.

ಎರಡನೆಯದು: 21ನೇ ಹುಟ್ಟುಹಬ್ಬ ಯಾವ ಸೆಮಿಸ್ಟರ್‌ನಲ್ಲಿ?

ಅಮೆರಿಕದಲ್ಲೇ ಹುಟ್ಟಿದ ಮಕ್ಕಳಿದ್ದವರು ಈ ಭಾಗ ದಾಟಿ ಹೋಗಬಹುದು. ಭಾರತದಲ್ಲಿ ಹುಟ್ಟಿ ಎಚ್-4 ಮೇಲೆ ಬಂದ ಮಕ್ಕಳಿದ್ದರೆ ನಿಧಾನವಾಗಿ ಓದಿ.

ಎಚ್-4 ಸ್ಥಾನಮಾನ 21ನೇ ವಯಸ್ಸಿಗೆ ಮುಗಿಯುತ್ತದೆ. ಅಷ್ಟರೊಳಗೆ ಗ್ರೀನ್ ಕಾರ್ಡ್ ಬರದಿದ್ದರೆ ಮಗು ಎಫ್-1 ವೀಸಾದ ವಿದೇಶಿ ವಿದ್ಯಾರ್ಥಿಯಾಗಬೇಕು, ಇಲ್ಲವೇ ದೇಶ ಬಿಡಬೇಕು. ಭಾರತೀಯರಿಗೆ ಇಬಿ-2, ಇಬಿ-3 ಎಂಬ ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್ ವರ್ಗಗಳ ಸರತಿ ಹತ್ತು ವರ್ಷಕ್ಕೂ ಮೀರಿದ್ದು. ಈಗ ಲೆಕ್ಕ ಹಾಕಿ. ಮಾರ್ಚ್ 2010ರಲ್ಲಿ ಹುಟ್ಟಿದ ಹುಡುಗಿ ಆಗಸ್ಟ್ 2028ರಲ್ಲಿ ಕಾಲೇಜು ಸೇರುತ್ತಾಳೆ. ಮಾರ್ಚ್ 2031ಕ್ಕೆ ಅವಳಿಗೆ 21, ಅಂದರೆ ಮೂರನೇ ವರ್ಷದ ಎರಡನೇ ಸೆಮಿಸ್ಟರ್ ನಡುವೆ. ಕೊನೆಯ ವರ್ಷವಿಡೀ ಅವಳು ವಿದೇಶಿ ವಿದ್ಯಾರ್ಥಿನಿ. ಅಪ್ಪ ಅಮ್ಮ ಅದೇ ಊರಿನಲ್ಲಿ ತೆರಿಗೆ ಕಟ್ಟುತ್ತಿದ್ದರೂ ಹೆಚ್ಚಿನ ರಾಜ್ಯಗಳಲ್ಲಿ ಎಫ್-1ಗೆ ಇನ್-ಸ್ಟೇಟ್ ಶುಲ್ಕ (ರಾಜ್ಯದ ನಿವಾಸಿಗಳಿಗಿರುವ ಕಡಿಮೆ ಶುಲ್ಕ) ಸಿಗುವುದಿಲ್ಲ.

ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದಕ್ಕೆ ವೆಸ್ಟ್ ಲಫಾಯೆಟ್‌ನ ಪರ್ಡ್ಯೂ ನೋಡಿ. 2013ರಿಂದ ಬೋಧನಾ ಶುಲ್ಕ ಏರಿಸದೆ ಬಂದ ಅಪರೂಪದ ವಿಶ್ವವಿದ್ಯಾಲಯ ಅದು. ಇಂಡಿಯಾನದವರಿಗೆ ಮೂಲ ಶುಲ್ಕ ವರ್ಷಕ್ಕೆ 9,992 ಡಾಲರ್, ಹೊರರಾಜ್ಯದವರಿಗೆ 28,794. ಅಗ್ಗ ಎನಿಸಿಕೊಂಡ ಕಡೆಯೇ ಸುಮಾರು ಮೂರು ಪಟ್ಟು. ಆನ್ ಆರ್ಬರ್‌ನ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಅನುಪಾತ ಮೂರಕ್ಕೂ ಹೆಚ್ಚು, ಮೊತ್ತವೂ ಬಹಳ ದೊಡ್ಡದು. ಎಚ್-4 ಮಕ್ಕಳಿಗೆ ಫೆಡರಲ್ ವಿದ್ಯಾರ್ಥಿ ನೆರವು ಹೇಗೂ ಇಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಉಂಟು.

ಆದ್ದರಿಂದ ನಿಮ್ಮ ಪಟ್ಟಿಯಲ್ಲಿರುವ ಪ್ರತಿ ವಿಶ್ವವಿದ್ಯಾಲಯದ ರೆಸಿಡೆನ್ಸಿ ಕಚೇರಿಗೆ (ಯಾರು ರಾಜ್ಯದ ನಿವಾಸಿ ಎಂದು ನೋಡುವ ವಿಭಾಗ) ಇಮೇಲ್‌ನಲ್ಲೇ ಮೂರು ಪ್ರಶ್ನೆ ಕೇಳಿ, ಉತ್ತರವನ್ನು ಜೋಪಾನವಾಗಿಡಿ. ಎಚ್-1ಬಿ ಪಾಲಕರ ಎಚ್-4 ಮಗುವನ್ನು ರಾಜ್ಯದ ನಿವಾಸಿ ಎಂದು ಒಪ್ಪುತ್ತೀರಾ? ಮಗು ನಡುವೆ ಎಫ್-1ಗೆ ಬದಲಾದರೆ ಶುಲ್ಕ ಏನಾಗುತ್ತದೆ? ಅದೇ ರಾಜ್ಯದ ಹೈಸ್ಕೂಲಿನಲ್ಲಿ ಓದಿದ್ದರೆ ಬೇರೆ ರಿಯಾಯಿತಿ ಇದೆಯೇ? ಪ್ರವೇಶ ವಿಭಾಗದವರು ಫೋನಿನಲ್ಲಿ ಸಮಾಧಾನಕ್ಕೆ ಹೇಳುವ ಮಾತನ್ನು ನಂಬಿ ಮನೆ ಕೊಳ್ಳಬೇಡಿ. ತೀರ್ಮಾನ ಮಾಡುವುದು ರೆಸಿಡೆನ್ಸಿ ಕಚೇರಿಯೇ.

ರಾಜ್ಯದ ನಿವಾಸಿ ಎನಿಸಿಕೊಳ್ಳಲು ಸಾಮಾನ್ಯ ನಿಯಮ 12 ತಿಂಗಳ ವಾಸ. ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷದ ಮೇಲೆ ಒಂದು ದಿನ. ವಾಸ ಮಾತ್ರ ಸಾಲದು, ಓದಿಗಾಗಿಯೇ ಬಂದವರಲ್ಲ ಎಂಬುದಕ್ಕೆ ಕೆಲಸ, ತೆರಿಗೆ, ಮನೆಯ ದಾಖಲೆ ಬೇಕು. ಆದರೂ ಕೊನೆಯ ಗಳಿಗೆಯ 12 ತಿಂಗಳು ಎಣಿಸುತ್ತಾ ಕೂರುವುದನ್ನು ನಾನು ಒಪ್ಪುವುದಿಲ್ಲ. ಮಗು ಒಂಬತ್ತನೇ ತರಗತಿಗೆ ಕಾಲಿಡುವ ಮೊದಲೇ ಹೋಗಿ. ಹನ್ನೊಂದನೇ ತರಗತಿಯಲ್ಲಿ ಶಾಲೆ ಬದಲಿಸಿದ ಮಗು ಗೆಳೆಯರನ್ನೂ, ತನ್ನನ್ನು ಬಲ್ಲ ಶಿಕ್ಷಕರನ್ನೂ ಒಟ್ಟಿಗೆ ಕಳೆದುಕೊಳ್ಳುತ್ತದೆ. ಶಿಫಾರಸು ಪತ್ರ ಬರೆಯಬೇಕಾದವರು ಆ ಶಿಕ್ಷಕರೇ.

ಊರಲ್ಲಿದ್ದ ಮಾತ್ರಕ್ಕೆ ಸೀಟು ಸಿಗುವುದಿಲ್ಲ

ರಾಜ್ಯದವರಾಗಿದ್ದರೆ ಪ್ರವೇಶದಲ್ಲಿ ಅನುಕೂಲ ಇರುತ್ತದೆ. ಉದಾಹರಣೆಗೆ ಚಾಪೆಲ್ ಹಿಲ್‌ನಲ್ಲಿರುವ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಮೊದಲ ವರ್ಷದ ತರಗತಿಯಲ್ಲಿ ಹೊರರಾಜ್ಯದವರಿಗೆ 18 ಶೇಕಡಾ ಮಿತಿ ಇದೆ. ಆದರೆ ಅದೇ ಊರಿನವರಾದ ಮಾತ್ರಕ್ಕೆ ಹೆಚ್ಚಿನ ಲಾಭವಿಲ್ಲ. ಕೆಲವು ಕಡೆ ನಷ್ಟವೇ. ಟೆಕ್ಸಸ್‌ನಲ್ಲಿ 1997ರ ಕಾನೂನಿನಂತೆ ಹೈಸ್ಕೂಲಿನ ಮೊದಲ 10 ಶೇಕಡಾ ವಿದ್ಯಾರ್ಥಿಗಳಿಗೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ತಾನಾಗಿ ಪ್ರವೇಶ, ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಮಾತ್ರ ಇದಕ್ಕಿಂತ ಬಿಗಿಯಾದ ಮಿತಿ. ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯವಿರುವ ಕಾಲೇಜ್ ಸ್ಟೇಷನ್‌ನಂಥ ಊರಿನಲ್ಲಿ ಪ್ರಾಧ್ಯಾಪಕರ ಮಕ್ಕಳ ಜೊತೆ ಸ್ಪರ್ಧಿಸಿ ಆ ಹತ್ತರೊಳಗೆ ಬರುವುದು ಎಲ್ಲ ಮಕ್ಕಳಿಗೂ ಆಗುವ ಮಾತಲ್ಲ. ನಿಮ್ಮ ಮಗು ಒತ್ತಡದಲ್ಲಿ ಅರಳುವಂಥದ್ದೋ ಮುದುಡುವಂಥದ್ದೋ, ಅದನ್ನು ನೀವೇ ಬಲ್ಲಿರಿ.

ಖಾಸಗಿ ವಿಶ್ವವಿದ್ಯಾಲಯವಿರುವ ಊರಿನಲ್ಲಿ ರಾಜ್ಯವಾಸಿ ಎಂಬುದಕ್ಕೆ ಸಾಮಾನ್ಯವಾಗಿ ಬೆಲೆಯಿಲ್ಲ. ಇಥಾಕಾದ ಕಾರ್ನೆಲ್ ಭಾಗಶಃ ಅಪವಾದ: ಕೃಷಿ ಮತ್ತು ಜೀವವಿಜ್ಞಾನದಂಥ ಕೆಲವು ಕಾಲೇಜುಗಳಲ್ಲಿ ನ್ಯೂಯಾರ್ಕ್ ರಾಜ್ಯದವರಿಗೆ ಶುಲ್ಕ ಕಡಿಮೆ.

ಶಾಲಾ ಗಡಿ, ತೆರಿಗೆ, ಬಾಡಿಗೆಯ ತಿಂಗಳು

ಅಂಚೆ ವಿಳಾಸದಲ್ಲಿ ‘ಆನ್ ಆರ್ಬರ್’ ಎಂದಿದ್ದರೂ ಮನೆ ಡೆಕ್ಸ್‌ಟರ್ ಅಥವಾ ಸಲೈನ್ ಶಾಲಾ ಜಿಲ್ಲೆಗೆ ಸೇರಿರಬಹುದು. ಶಾಲಾ ಜಿಲ್ಲೆಯ ಕಚೇರಿಗೇ ಮನೆ ನಂಬರ್ ಕೊಟ್ಟು ಕೇಳಿ. ಅರ್ಬಾನಾದ ಯೂನಿವರ್ಸಿಟಿ ಲ್ಯಾಬೊರೇಟರಿ ಹೈಸ್ಕೂಲ್ ಇಲಿನಾಯ್ ವಿಶ್ವವಿದ್ಯಾಲಯವೇ ನಡೆಸುವ ಶಾಲೆ. ಅಲ್ಲಿ ಓದಿದವರಲ್ಲಿ ನೊಬೆಲ್ ಪಡೆದವರಿದ್ದಾರೆ. ಆದರೆ ಅದಕ್ಕೆ ಅರ್ಜಿ ಹಾಕಿ ಆಯ್ಕೆಯಾಗಬೇಕು, ಪಕ್ಕದ ಬೀದಿಯಲ್ಲಿ ಮನೆ ಮಾಡಿದರೆ ಸೀಟು ಬರುವುದಿಲ್ಲ.

ಮನೆ ಕೊಳ್ಳುವವರು ಆಸ್ತಿ ತೆರಿಗೆಯಲ್ಲಿ ಎಡವುತ್ತಾರೆ. ವಿಶ್ವವಿದ್ಯಾಲಯದ ಜಮೀನಿಗೆ ಸಾಮಾನ್ಯವಾಗಿ ತೆರಿಗೆ ಇಲ್ಲ, ಹೊರೆ ಉಳಿದವರ ಮೇಲೆ. ಮಿಷಿಗನ್‌ನಲ್ಲಿ ಇನ್ನೊಂದು ಸಂಗತಿಯಿದೆ: 1994ರಿಂದ ಜಾರಿಯಲ್ಲಿರುವ ನಿಯಮದಂತೆ, ಮಾಲೀಕ ಬದಲಾಗದಿದ್ದರೆ ತೆರಿಗೆ ಮೌಲ್ಯ ವರ್ಷಕ್ಕೆ ಹಣದುಬ್ಬರದಷ್ಟು ಅಥವಾ 5 ಶೇಕಡಾ, ಯಾವುದು ಕಡಿಮೆಯೋ ಅಷ್ಟೇ ಏರಬಹುದು. ಮನೆ ಮಾರಾಟವಾದ ಮರುವರ್ಷ ಆ ತಡೆ ಕಳಚಿ ಮೌಲ್ಯ ಮಾರುಕಟ್ಟೆಗೆ ತಕ್ಕಂತೆ ನೆಗೆಯುತ್ತದೆ. ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದ ಮಾಲೀಕರ ತೆರಿಗೆ ರಶೀದಿ ನೋಡಿ ನಿಮ್ಮ ತಿಂಗಳ ಖರ್ಚು ಲೆಕ್ಕ ಹಾಕಬೇಡಿ.

ಬಾಡಿಗೆ ಮನೆಗಳು ವಿದ್ಯಾರ್ಥಿಗಳ ಪಂಚಾಂಗದಂತೆ ನಡೆಯುತ್ತವೆ. ಮ್ಯಾಡಿಸನ್‌ನಲ್ಲಿ ಬಹುಪಾಲು ಕರಾರು ಆಗಸ್ಟ್ ಮಧ್ಯದಲ್ಲಿ ಮುಗಿದು ಶುರುವಾಗುತ್ತವೆ. ಕ್ಯಾಂಪಸ್ ಪಕ್ಕದ ಮನೆಗಳನ್ನು ಹಿಂದಿನ ಚಳಿಗಾಲಕ್ಕೂ ಮೊದಲೇ ಕಾದಿರಿಸುತ್ತಾರೆ. ಕುಟುಂಬಕ್ಕೆ ಕ್ಯಾಂಪಸ್‌ನಿಂದ ಎರಡು ಮೂರು ಮೈಲಿ ದೂರವೇ ಒಳ್ಳೆಯದು, ಬಾಡಿಗೆಯೂ ಕಡಿಮೆ, ರಾತ್ರಿ ನಿದ್ದೆಯೂ ಉಂಟು. ಮೊದಲ ವರ್ಷ ಬಾಡಿಗೆಗೇ ಇರಿ.

ಫೆಬ್ರುವರಿಯಲ್ಲಿ ಹೋಗಿ, ಕಾರು ಬಿಟ್ಟು ಓಡಾಡಿ

ಅಕ್ಟೋಬರ್‌ನಲ್ಲಿ ಮೇಪಲ್ ಎಲೆಗಳು ಕೆಂಪಾದಾಗ ಎಲ್ಲ ಕಾಲೇಜ್ ಟೌನ್‌ಗಳೂ ಚೆಂದ. ಆಗಲೇ ಫುಟ್‌ಬಾಲ್ ಕೂಡ. ಮಿಷಿಗನ್ ಕ್ರೀಡಾಂಗಣ 1,07,601 ಜನ ಹಿಡಿಸುತ್ತದೆ, ಪಂದ್ಯದ ಶನಿವಾರ ಊರಿನ ನಿಜವಾದ ಮುಖ ಕಾಣುವುದಿಲ್ಲ.

ನೋಡಲು ಹೋಗುವುದಾದರೆ ಫೆಬ್ರುವರಿಯ ಒಂದು ಮಂಗಳವಾರ ಹೋಗಿ, ದಿನವಿಡೀ ಮನೆಯಲ್ಲಿರಬೇಕಾದವರನ್ನು ಕರೆದುಕೊಂಡು ಹೋಗಿ. ಮಧ್ಯಾಹ್ನ ಎರಡಕ್ಕೆ, ನೀವು ಬಾಡಿಗೆಗೆ ಹಿಡಿಯಬಹುದಾದ ಅಪಾರ್ಟ್‌ಮೆಂಟಿನ ಬಾಗಿಲಿನಿಂದ ಹೊರಟು, ತೊಗರಿಬೇಳೆ ಮತ್ತು ಕರಿಬೇವು ಕೊಂಡು, ಬಸ್ಸಿನಲ್ಲೇ ವಾಪಸ್ ಬನ್ನಿ. ರಸ್ತೆಯ ಹಿಮ ತಳ್ಳಿದ ಗಾಡಿ ಬಸ್ ನಿಲ್ದಾಣದ ಮುಂದೆ ಮೊಣಕಾಲೆತ್ತರದ ಗುಡ್ಡೆ ಬಿಟ್ಟು ಹೋಗಿದೆಯೇ, ಅದನ್ನು ಹತ್ತಿಳಿದೇ ಬಸ್ಸು ಏರಬೇಕೇ ನೋಡಿ. ಪಾದಚಾರಿ ದಾರಿಯಲ್ಲಿ ಕಾಣದಂತೆ ಕಟ್ಟಿದ ಮಂಜುಗಡ್ಡೆಯ ಮೇಲೆ 70 ದಾಟಿದ ಅಮ್ಮ ನಡೆಯಬಲ್ಲರೇ ಯೋಚಿಸಿ. ಚಾಪೆಲ್ ಹಿಲ್‌ನಲ್ಲಿ 2002ರಿಂದ ನಗರದ ಬಸ್ಸು ಎಲ್ಲರಿಗೂ ಉಚಿತ. ಡ್ರೈವಿಂಗ್ ಬಾರದವರಿಗೆ, ಆರು ತಿಂಗಳಿಗೆ ಬರುವ ಅಪ್ಪ ಅಮ್ಮಂದಿರಿಗೆ ಇದು ದೊಡ್ಡ ಸ್ವಾತಂತ್ರ್ಯ. ಹಲವು ಊರುಗಳಲ್ಲಿ ವಿದ್ಯಾರ್ಥಿಗಳು ಇಲ್ಲದ ಬೇಸಿಗೆಯಲ್ಲಿ ಬಸ್ಸುಗಳು ಕಡಿಮೆಯಾಗುತ್ತವೆ, ಆ ವೇಳಾಪಟ್ಟಿಯನ್ನೂ ಕೇಳಿ ಪಡೆಯಿರಿ.

ಆಸ್ಪತ್ರೆಯ ವಿಷಯದಲ್ಲಿ ಹೆಸರು ನೋಡಿ ಮೋಸಹೋಗಬೇಡಿ. ಪೆನ್ ಸ್ಟೇಟ್‌ನ ವೈದ್ಯಕೀಯ ಕೇಂದ್ರ ಇರುವುದು ಹರ್ಶಿಯಲ್ಲಿ, ಆ ವಿಶ್ವವಿದ್ಯಾಲಯವಿರುವ ಸ್ಟೇಟ್ ಕಾಲೇಜ್ ಎಂಬ ಊರಿನಿಂದ ಗಂಟೆಗಟ್ಟಲೆ ದೂರ. ಕಾರ್ನೆಲ್‌ನ ವೈದ್ಯಕೀಯ ಕಾಲೇಜು ನ್ಯೂಯಾರ್ಕ್ ನಗರದಲ್ಲಿದೆ. ಅಯೋವಾ ಸಿಟಿ, ಮ್ಯಾಡಿಸನ್, ಆನ್ ಆರ್ಬರ್, ಗೇನ್ಸ್‌ವಿಲ್‌ಗಳಲ್ಲಾದರೆ ದೊಡ್ಡ ಬೋಧನಾ ಆಸ್ಪತ್ರೆ ಊರೊಳಗೇ ಇದೆ. ಮನೆಯಲ್ಲಿ ಹೃದಯದ ಕಾಯಿಲೆಯವರೋ ವಿಶೇಷ ಆರೈಕೆ ಬೇಕಾದ ಮಗುವೋ ಇದ್ದರೆ ಉಳಿದೆಲ್ಲಕ್ಕಿಂತ ಮೊದಲು ಇದನ್ನೇ ನೋಡಿ.

ವಿಮಾನ ನಿಲ್ದಾಣ: ಆನ್ ಆರ್ಬರ್‌ನಿಂದ ಡೆಟ್ರಾಯಿಟ್‌ಗೆ ಅರ್ಧ ಗಂಟೆ, ಇಲಿನಾಯ್ ವಿಶ್ವವಿದ್ಯಾಲಯದ ಊರಾದ ಶಾಂಪೇನ್‌ನಿಂದ ಷಿಕಾಗೊಗೆ ಎರಡು ಗಂಟೆಗೂ ಹೆಚ್ಚು. ಕನ್ನಡದ ನಂಟೂ ಬಹುತೇಕ ಇದೇ ದಾರಿಯಲ್ಲಿ ಸಿಗುತ್ತದೆ. ಡೆಟ್ರಾಯಿಟ್ ಸುತ್ತಿನವರಿಗೆ ಪಂಪ ಕನ್ನಡ ಕೂಟ, ಷಿಕಾಗೊದವರಿಗೆ ವಿದ್ಯಾರಣ್ಯ ಕನ್ನಡ ಕೂಟ. ಸಣ್ಣ ಊರಿನಲ್ಲಿ ಕೂಟ ಇಲ್ಲದಿದ್ದರೆ ಯುಗಾದಿಗೂ ರಾಜ್ಯೋತ್ಸವಕ್ಕೂ ನೂರು ಮೈಲಿ ಓಡಿಸುವ ಮನಸ್ಸು ನಿಮಗಿದೆಯೇ ಎಂದು ಮನೆಮಂದಿಯೆಲ್ಲ ಕೂತು ಮಾತಾಡಿ. ಮಕ್ಕಳ ಬಾಯಲ್ಲಿ ಕನ್ನಡ ಉಳಿಯುವುದು ಬಹಳ ಮಟ್ಟಿಗೆ ಇದರ ಮೇಲೆ ನಿಂತಿದೆ.

ಹೋದ ಮೇಲೆ ಮೊದಲ ವಾರ

ಹೊಸ ಮನೆಗೆ ಹೋದ 10 ದಿನದೊಳಗೆ ವಲಸೆ ಇಲಾಖೆಗೆ ಎಆರ್-11 (ವಿಳಾಸ ಬದಲಾವಣೆಯ ಫಾರಂ) ಸಲ್ಲಿಸಿ, ಮನೆಯಲ್ಲಿ ಅಮೆರಿಕದ ಪೌರತ್ವ ಇಲ್ಲದ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ. ಗ್ರೀನ್ ಕಾರ್ಡ್ ಇದ್ದವರೂ ಮಾಡಬೇಕು. ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ಹೊಸ ರಾಜ್ಯದ ಡ್ರೈವಿಂಗ್ ಲೈಸೆನ್ಸ್, ಕಾರಿನ ನೋಂದಣಿ, ಆ ವರ್ಷದ ರಾಜ್ಯ ತೆರಿಗೆಯ ಪ್ರತಿ, ಇವನ್ನೆಲ್ಲ ಒಂದೇ ಕಡತದಲ್ಲಿಡಿ. ಮುಂದೆ ರೆಸಿಡೆನ್ಸಿ ಅರ್ಜಿಗೆ ಕೇಳುವುದು ಇವನ್ನೇ.

ಆ ಅರ್ಜಿಯ ಪುರಾವೆಗಳ ಪಟ್ಟಿಯಲ್ಲಿ ಮತದಾರರ ನೋಂದಣಿ ಎಂದೂ ಇರುತ್ತದೆ. ಲೈಸೆನ್ಸ್ ಕಚೇರಿಯ ಫಾರಂನಲ್ಲೂ ಆ ಪ್ರಶ್ನೆ ಬರುತ್ತದೆ. ಪೌರತ್ವ ಇಲ್ಲದವರು, ಗ್ರೀನ್ ಕಾರ್ಡ್ ಇದ್ದರೂ ಸರಿ, ಅಲ್ಲಿ ‘ಇಲ್ಲ’ ಎಂದೇ ಗುರುತು ಹಾಕಬೇಕು. ತಪ್ಪಿ ‘ಹೌದು’ ಎಂದವರು ಗಡೀಪಾರಿನ ಅಪಾಯಕ್ಕೆ ಸಿಕ್ಕಿಬೀಳಬಹುದು. 18 ತುಂಬಿದ ಮಕ್ಕಳಿಗೆ ಕ್ಯಾಂಪಸ್‌ನಲ್ಲಿ ಮೇಜು ಹಾಕಿ ಫಾರಂ ಹಂಚುವವರು ಎದುರಾಗುತ್ತಾರೆ, ಅವರಿಗೂ ಇದನ್ನು ಮೊದಲೇ ಹೇಳಿಡಿ.