ಲಂಡನ್ ಲಾ ಫರ್ಮ್‌ನ ವೆಕೇಷನ್ ಸ್ಕೀಮ್: ಅರ್ಜಿಯಿಂದ ಅಸೆಸ್‌ಮೆಂಟ್‌ವರೆಗೆ

ಅಂಕಪಟ್ಟಿ ಎಷ್ಟೇ ಚೆನ್ನಾಗಿರಲಿ, ಲಂಡನ್ನಿನ ದೊಡ್ಡ ಲಾ ಫರ್ಮ್‌ಗಳು ಅದೊಂದನ್ನೇ ನಂಬಿ ಕೆಲಸ ಕೊಡುವುದಿಲ್ಲ. ವಿದ್ಯಾರ್ಥಿಗಳನ್ನು ರಜೆಯಲ್ಲಿ ಒಂದರಿಂದ ನಾಲ್ಕು ವಾರ ಕಚೇರಿಗೆ ಕರೆಸಿಕೊಳ್ಳುತ್ತವೆ, ಸಂಬಳ ಕೊಟ್ಟು ಕೆಲಸ ಮಾಡಿಸಿ ನೋಡುತ್ತವೆ, ಕೊನೆಗೆ ಸಂದರ್ಶನ ನಡೆಸುತ್ತವೆ. ಇದೇ ವೆಕೇಷನ್ ಸ್ಕೀಮ್. ಇಲ್ಲಿ ಮೆಚ್ಚುಗೆಯಾದವರಿಗೆ ಎರಡು ವರ್ಷದ ಟ್ರೈನಿಂಗ್ ಕಾಂಟ್ರ್ಯಾಕ್ಟ್ ಸಿಗುತ್ತದೆ. ಆರಾರು ತಿಂಗಳಂತೆ ನಾಲ್ಕು ವಿಭಾಗಗಳಲ್ಲಿ ಕೆಲಸ ಕಲಿತು, ಸಾಲಿಸಿಟರ್ (ಕಕ್ಷಿದಾರರಿಗೆ ಸಲಹೆ ಕೊಟ್ಟು ಕಾನೂನು ಕಾಗದಪತ್ರ ನೋಡಿಕೊಳ್ಳುವ ವಕೀಲ) ಆಗಲು ಇರುವ ದಾರಿ ಅದು. ಹಲವು ಸಂಸ್ಥೆಗಳು ತಮ್ಮ ಟ್ರೈನಿಂಗ್ ಹುದ್ದೆಗಳ ದೊಡ್ಡ ಪಾಲನ್ನು ವೆಕೇಷನ್ ಸ್ಕೀಮ್‌ಗೆ ಬಂದವರಿಂದಲೇ ತುಂಬಿಕೊಳ್ಳುತ್ತವೆ.

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಂಥ ಕೆಲವೇ ಕಾಲೇಜುಗಳಿಂದ ಲಂಡನ್ ಸಂಸ್ಥೆಗಳು ನೇರವಾಗಿ ವಿದ್ಯಾರ್ಥಿಗಳನ್ನು ಆಯ್ದುಕೊಂಡದ್ದುಂಟು. ಉಳಿದವರು, ಅಂದರೆ ಇಲ್ಲಿ ಓದುತ್ತಿರುವವರು ಮತ್ತು ಬ್ರಿಟನ್‌ಗೆ ಎಲ್‌ಎಲ್‌ಎಂ (ಕಾನೂನು ಸ್ನಾತಕೋತ್ತರ ಪದವಿ) ಮಾಡಲು ಹೋದವರು, ಬ್ರಿಟನ್ನಿನ ವಿದ್ಯಾರ್ಥಿಗಳ ಸಾಲಿನಲ್ಲಿಯೇ ನಿಂತು ಆನ್‌ಲೈನ್ ಅರ್ಜಿ ತುಂಬಬೇಕು. ನಮ್ಮವರು ಎಡವುವುದು ಬುದ್ಧಿಯ ಕೊರತೆಯಿಂದಲ್ಲ, ಅಭ್ಯಾಸಬಲದಿಂದ. ಅಡಿಷನಲ್ ಶೀಟ್ ಕೇಳಿ ಕೇಳಿ ಗೊತ್ತಿದ್ದನ್ನೆಲ್ಲ ಬರೆದವನೇ ಜಾಣ ಎಂಬ ಪರೀಕ್ಷೆಯಲ್ಲಿ ಬೆಳೆದವರು ನಾವು. ಇಲ್ಲಿಯ ಪ್ರತಿ ಹಂತವೂ ಕೇಳುವುದು ಬೇರೆಯದನ್ನು: ಎದುರಿಗಿರುವ ಕಾಗದದಲ್ಲಿ ಮುಖ್ಯವಾದದ್ದು ಯಾವುದು, ಅದನ್ನು ಎಷ್ಟು ಮಾತಿನಲ್ಲಿ ಹೇಳಬಲ್ಲಿರಿ?

ಮೊದಲು ಕ್ಯಾಲೆಂಡರ್ ತೆಗೆಯಿರಿ

ಅರ್ಜಿಗಳು ಸಾಮಾನ್ಯವಾಗಿ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಶುರುವಾಗುತ್ತವೆ. ಚಳಿಗಾಲದ ಸ್ಕೀಮ್‌ಗಳ ಗಡುವು ಅಕ್ಟೋಬರ್–ನವೆಂಬರ್‌ನಲ್ಲಿ ಮುಗಿಯುತ್ತದೆ. ವಸಂತ ಮತ್ತು ಬೇಸಿಗೆಯವಕ್ಕೆ ಹೆಚ್ಚಾಗಿ ಡಿಸೆಂಬರ್–ಜನವರಿ. ಬೇಸಿಗೆಯ ಸ್ಕೀಮ್‌ಗೆ ಬೇಸಿಗೆ ಹತ್ತಿರ ಬಂದಾಗ ಅರ್ಜಿ ಹುಡುಕಿದರೆ ಬಾಗಿಲು ಮುಚ್ಚಿ ತಿಂಗಳುಗಳೇ ಆಗಿರುತ್ತವೆ. ಕೆಲವು ಸಂಸ್ಥೆಗಳು ಅರ್ಜಿ ಬಂದ ಹಾಗೆಯೇ ಪರಿಶೀಲಿಸಿ ಸ್ಥಾನ ತುಂಬುತ್ತಾ ಹೋಗುತ್ತವೆ. ಅಂಥಲ್ಲಿ ಗಡುವಿನ ಕೊನೆಯ ದಿನ ಎಂಬುದಕ್ಕೆ ಅರ್ಥವೇ ಇಲ್ಲ.

ಕಾನೂನು ಪದವಿಯವರು ಕೊನೆಯ ವರ್ಷಕ್ಕಿಂತ ಒಂದು ವರ್ಷ ಮೊದಲು, ಅಂದರೆ ನಮ್ಮ ಐದು ವರ್ಷದ ಕೋರ್ಸಿನ ನಾಲ್ಕನೇ ವರ್ಷದಲ್ಲಿ, ಅರ್ಜಿ ಹಾಕುವುದು ವಾಡಿಕೆ. ಬೇರೆ ಪದವಿಯವರು ಕೊನೆಯ ವರ್ಷದಲ್ಲಿ ಹಾಕುತ್ತಾರೆ. ಪದವಿ ಮುಗಿಸಿದವರಿಗೂ ಅವಕಾಶವಿದೆ.

ಅರ್ಜಿ: ಹೆಸರು ಅಳಿಸಿ ನೋಡಿ

ಅರ್ಜಿಯ ಪ್ರಶ್ನೆಗಳು ಎಲ್ಲ ಕಡೆ ಸುತ್ತಿ ಬಳಸಿ ಒಂದೇ. ಈ ವೃತ್ತಿ ಯಾಕೆ, ನಮ್ಮ ಸಂಸ್ಥೆಯೇ ಯಾಕೆ, ನಿಮ್ಮನ್ನೇ ಯಾಕೆ ತೆಗೆದುಕೊಳ್ಳಬೇಕು? ಎರಡನೆಯದಕ್ಕೆ ಬರೆದ ಉತ್ತರದಲ್ಲಿ ಸಂಸ್ಥೆಯ ಹೆಸರನ್ನು ಅಳಿಸಿ, ಪ್ರತಿಸ್ಪರ್ಧಿಯ ಹೆಸರು ಬರೆದು ಓದಿ. ಆಗಲೂ ಅದು ಸರಿಹೊಂದಿದರೆ ಹರಿದು ಹಾಕಿ. ‘ಜಾಗತಿಕ ಖ್ಯಾತಿ’, ‘ಅತ್ಯುತ್ತಮ ತರಬೇತಿ’ ಎಂಬ ಮಾತುಗಳು ಯಾವ ಸಂಸ್ಥೆಗಾದರೂ ಹೊಂದುತ್ತವೆ. ಸ್ಲಾಟರ್ ಅಂಡ್ ಮೇ ಬೇರೆ ದೇಶಗಳಲ್ಲಿ ಕಚೇರಿಗಳ ಸರಮಾಲೆ ಕಟ್ಟದೆ, ಅಲ್ಲಿನ ಸ್ವತಂತ್ರ ಸಂಸ್ಥೆಗಳ ಜೊತೆ ಸೇರಿ ಕೆಲಸ ಮಾಡುತ್ತದೆ. ಅಲೆನ್ ಅಂಡ್ ಓವರಿ 2024ರ ಮೇನಲ್ಲಿ ಅಮೆರಿಕದ ಶೀಯರ್‌ಮನ್ ಅಂಡ್ ಸ್ಟರ್ಲಿಂಗ್ ಜೊತೆ ವಿಲೀನವಾಯಿತು. ಇವೆರಡರಲ್ಲಿ ಯಾವ ಬಗೆಯ ಕಡೆ ನಿಮ್ಮ ಮನಸ್ಸಿದೆ, ಏಕೆ ಎಂದು ನಾಲ್ಕು ಸಾಲು ಬರೆಯಬಲ್ಲಿರಾದರೆ ಉತ್ತರ ಅಲ್ಲಿಂದ ಹುಟ್ಟುತ್ತದೆ. ಹೀಗೆ ಓದಿ ಬರೆಯಲು ಒಂದೊಂದು ಅರ್ಜಿಗೂ ದಿನಗಳೇ ಬೇಕು. ಆದ್ದರಿಂದ ಮೂವತ್ತು ಕಡೆ ಅರ್ಜಿ ಎಸೆಯುವವರಿಗಿಂತ ಎಂಟು ಹತ್ತು ಕಡೆ ಹಾಕುವವರೇ ಜಾಣರು ಎಂಬುದು ನನ್ನ ಅಭಿಪ್ರಾಯ.

ಅಂಕಗಳ ಕಾಲಂ ನಮ್ಮವರಿಗೆ ಗೊಂದಲ ತರುತ್ತದೆ. ಬ್ರಿಟನ್ನಿನಲ್ಲಿ 60ರಿಂದ 69ರವರೆಗೆ ಬಂದರೆ 2:1 ದರ್ಜೆ, 70 ಅಥವಾ ಹೆಚ್ಚು ಬಂದರೆ ಪ್ರಥಮ ದರ್ಜೆ. ಬಹುತೇಕ ಸಂಸ್ಥೆಗಳು ಕೇಳುವುದು 2:1. ನಿಮ್ಮ ಅಂಕವನ್ನು ನೀವೇ ಅವರ ಲೆಕ್ಕಕ್ಕೆ ಇಳಿಸಲು ಹೋಗಬೇಡಿ. ಇದ್ದದ್ದನ್ನು ಇದ್ದ ಹಾಗೆ ಬರೆದು, ಎಷ್ಟಕ್ಕೆ ಎಷ್ಟು ಎಂಬುದನ್ನು ಸೂಚಿಸಿ. ಪಿಯುಸಿ ಅಂಕವನ್ನೂ ವಿಷಯವಾರು ಕೇಳುತ್ತಾರೆ, ಅಂಕಪಟ್ಟಿ ಕೈಯಲ್ಲಿರಲಿ. ಅನುಭವದ ಕಾಲಂನಲ್ಲಿ ಹೈಕೋರ್ಟ್ ಇಂಟರ್ನ್‌ಶಿಪ್ಪೇ ಇರಬೇಕೆಂದಿಲ್ಲ. ಅಪ್ಪನ ಅಂಗಡಿಯಲ್ಲಿ ಜಿಎಸ್‌ಟಿ ಲೆಕ್ಕ ನೋಡಿಕೊಂಡದ್ದೂ ಅನುಭವವೇ. ಅಲ್ಲಿ ಎದುರಾದ ತೊಡಕು ಯಾವುದು, ನೀವು ಮಾಡಿದ್ದೇನು, ಅದರಿಂದ ಆದದ್ದೇನು ಎಂಬುದು ಬರಹದಲ್ಲಿ ಕಾಣಬೇಕು.

ವಾಟ್ಸನ್-ಗ್ಲೇಸರ್: ಗೊತ್ತಿದ್ದನ್ನು ಮರೆಯುವ ಪರೀಕ್ಷೆ

ಅರ್ಜಿಯ ನಂತರ ಅನೇಕ ಕಡೆ ವಾಟ್ಸನ್-ಗ್ಲೇಸರ್ ಎಂಬ ವಿಮರ್ಶಾತ್ಮಕ ಚಿಂತನೆಯ ಆನ್‌ಲೈನ್ ಪರೀಕ್ಷೆ ಇರುತ್ತದೆ. ಸಾಮಾನ್ಯವಾಗಿ 30 ನಿಮಿಷ, 40 ಪ್ರಶ್ನೆ. ಐದು ಭಾಗಗಳು: ಅನುಮಾನ (ಕೊಟ್ಟ ಮಾಹಿತಿಯಿಂದ ಮಾಡಿದ ಊಹೆ ಎಷ್ಟು ನಿಜ ಎಂದು ನೋಡುವುದು), ಹೇಳದೆ ಒಪ್ಪಿಕೊಂಡ ನಂಬಿಕೆಗಳನ್ನು ಗುರುತಿಸುವುದು, ನಿಗಮನ (ಹೇಳಿದ್ದರಿಂದ ಖಚಿತವಾಗಿ ಹೊರಡುವ ತೀರ್ಮಾನ), ಅರ್ಥೈಸುವಿಕೆ, ವಾದಗಳ ತೂಕ ನೋಡುವುದು. ಕಾನೂನಿನ ಒಂದು ಪ್ರಶ್ನೆಯೂ ಇರುವುದಿಲ್ಲ.

ಬಹಳ ಜನ ಬೀಳುವುದು ಮೊದಲ ಭಾಗದಲ್ಲಿ. ಉದಾಹರಣೆಗೆ ಹೀಗೊಂದು ಹೇಳಿಕೆ ಇದೆ ಎನ್ನಿ: ‘ಒಂದು ಊರಿನ ಗ್ರಂಥಾಲಯ ರಾತ್ರಿ ಎರಡು ಗಂಟೆ ಹೆಚ್ಚು ತೆರೆದಿರಲು ಆರಂಭಿಸಿತು. ಮುಂದಿನ ತಿಂಗಳು ಬರುವವರ ಸಂಖ್ಯೆ ಏರಿತು.’ ಅದರ ಕೆಳಗೆ ಅನುಮಾನ: ‘ಹೊಸದಾಗಿ ಬಂದವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು.’ ನಿಜ, ಬಹುಶಃ ನಿಜ, ಮಾಹಿತಿ ಸಾಲದು, ಬಹುಶಃ ಸುಳ್ಳು, ಸುಳ್ಳು ಎಂಬ ಐದರಲ್ಲಿ ಒಂದನ್ನು ಆರಿಸಬೇಕು. ಧಾರವಾಡದ ಓದುಕೋಣೆಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ದಂಡನ್ನು ಕಂಡವರ ಬೆರಳು ತಾನಾಗಿ ‘ಬಹುಶಃ ನಿಜ’ದ ಮೇಲೆ ಹೋಗುತ್ತದೆ. ಆದರೆ ಹೇಳಿಕೆಯಲ್ಲಿ ಬಂದವರು ಯಾರು ಎಂಬ ಸುಳಿವೇ ಇಲ್ಲ. ಉತ್ತರ: ಮಾಹಿತಿ ಸಾಲದು. ವಾದಗಳ ಭಾಗದಲ್ಲೂ ಹಾಗೆಯೇ. ವಾದ ನಿಮಗೆ ಒಪ್ಪಿಗೆಯೇ ಎಂದು ಯಾರೂ ಕೇಳುತ್ತಿಲ್ಲ, ಅದು ಪ್ರಶ್ನೆಗೆ ನೇರವಾಗಿ ತಾಗುತ್ತದೆಯೇ, ಗಟ್ಟಿಯಾಗಿದೆಯೇ ಎಂದಷ್ಟೇ ನೋಡಬೇಕು.

ಅಭ್ಯಾಸ ಪರೀಕ್ಷೆಗಳು ಉಚಿತವಾಗಿ ಸಿಗುತ್ತವೆ. ಅಂಕ ನೋಡಿ ಮುಚ್ಚಿಡಬೇಡಿ. ತಪ್ಪಾದ ಪ್ರತಿ ಪ್ರಶ್ನೆಯ ಎದುರು ಹೊರಗಿನಿಂದ ನೀವು ತಂದು ಸೇರಿಸಿದ ಸಂಗತಿ ಯಾವುದು ಎಂದು ಬರೆದಿಡಿ.

ಕೆಲವು ಕಡೆ ಇದರ ಜೊತೆಗೆ ಅಥವಾ ಬದಲಿಗೆ ವಿಡಿಯೊ ಸಂದರ್ಶನವಿರುತ್ತದೆ. ತೆರೆಯ ಮೇಲೆ ಪ್ರಶ್ನೆ ಮೂಡುತ್ತದೆ, ಯೋಚಿಸಲು ಅರ್ಧ ಅಥವಾ ಒಂದು ನಿಮಿಷ, ಹೇಳಲು ಎರಡು ನಿಮಿಷದ ಆಸುಪಾಸು. ಎದುರು ಮನುಷ್ಯರಿಲ್ಲದೆ ಮಾತಾಡುವುದು ಮುಜುಗರವೇ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ಕೇಳಿದರೆ ಮುಜುಗರವೂ ಕಡಿಮೆಯಾಗುತ್ತದೆ, ಎಳೆಯುವ ಅಭ್ಯಾಸವೂ ಗೊತ್ತಾಗುತ್ತದೆ.

ಅಸೆಸ್‌ಮೆಂಟ್ ಸೆಂಟರ್

ಹೆಸರು ಕೇಂದ್ರದ್ದಾದರೂ ಇದು ಅರ್ಧ ಅಥವಾ ಇಡೀ ದಿನದ ಸರಣಿ ಪರೀಕ್ಷೆ. ಈಗ ಹಲವು ಸಂಸ್ಥೆಗಳು ಆನ್‌ಲೈನ್‌ನಲ್ಲೇ ನಡೆಸುತ್ತವೆ. ಲಿಖಿತ ಕೆಲಸ, ಗುಂಪು ಚರ್ಚೆ, ಪಾರ್ಟ್‌ನರ್ (ಸಂಸ್ಥೆಯ ಪಾಲುದಾರರಾದ ಹಿರಿಯ ವಕೀಲರು) ಜೊತೆ ಸಂದರ್ಶನ ಇವು ಸಾಮಾನ್ಯ.

ಲಿಖಿತ ಕೆಲಸದಲ್ಲಿ ಒಂದು ಕಟ್ಟು ಕಾಗದ ಕೊಡುತ್ತಾರೆ. ಕಕ್ಷಿದಾರರು ಬಿಸ್ಕತ್ತು ತಯಾರಿಸುವ ಕಂಪನಿಯೊಂದನ್ನು ಕೊಳ್ಳಲಿದ್ದಾರೆ ಎಂದುಕೊಳ್ಳಿ. ಕಟ್ಟಿನಲ್ಲಿ ಲಾಭ-ನಷ್ಟದ ಪಟ್ಟಿ, ಕಾರ್ಖಾನೆಯ ಬಾಡಿಗೆ ಕರಾರು, ಪತ್ರಿಕೆಯ ತುಣುಕು, ಒಂದು ಸೂಪರ್‌ಮಾರ್ಕೆಟ್ ಜೊತೆಗಿನ ಪೂರೈಕೆ ಒಪ್ಪಂದ ಇವೆ. ಪಟ್ಟಿ ನೋಡಿದರೆ ಆದಾಯದ ಬಹುಪಾಲು ಆ ಸೂಪರ್‌ಮಾರ್ಕೆಟ್‌ನಿಂದಲೇ ಬರುತ್ತದೆ. ಒಪ್ಪಂದದ ಹಿಂಬದಿಯ ಯಾವುದೋ ಷರತ್ತು, ಕಂಪನಿಯ ಒಡೆತನ ಬದಲಾದರೆ ಸೂಪರ್‌ಮಾರ್ಕೆಟ್ ಒಪ್ಪಂದ ಮುರಿಯಬಹುದು ಎನ್ನುತ್ತದೆ. ಈ ಎರಡು ಕಾಗದಗಳನ್ನು ಜೋಡಿಸಿ ನೋಡಿದವರಿಗೆ ವಿಷಯ ಹೊಳೆಯುತ್ತದೆ: ಕೊಂಡ ಮರುದಿನವೇ ಆದಾಯ ಕೈತಪ್ಪಬಹುದು. ಹಾಗಾದರೆ ಸಹಿಗೆ ಮೊದಲೇ ಸೂಪರ್‌ಮಾರ್ಕೆಟ್‌ನ ಒಪ್ಪಿಗೆ ಪಡೆಯುವುದನ್ನು ಷರತ್ತಾಗಿಸಬೇಕು, ಅಥವಾ ಬೆಲೆ ಇಳಿಸಬೇಕು. ಇದನ್ನು ಪತ್ರದ ಮೊದಲ ಪ್ಯಾರಾದಲ್ಲೇ ಬರೆಯಿರಿ. ಬಾಡಿಗೆ ಕರಾರಿನ ಸಣ್ಣ ದೋಷ ಕೊನೆಯಲ್ಲಿ ಬರಲಿ. ಕಟ್ಟಿನಲ್ಲಿರುವ ಎಲ್ಲವನ್ನೂ ಅದೇ ಕ್ರಮದಲ್ಲಿ ಸಾರಾಂಶ ಮಾಡಿ ಕೊಟ್ಟರೆ ಕಕ್ಷಿದಾರರಿಗೆ ಏನು ಸಿಕ್ಕಂತಾಯಿತು?

ಗುಂಪು ಚರ್ಚೆಯಲ್ಲಿ ಗಂಟಲು ದೊಡ್ಡದು ಮಾಡಿದವರಿಗೆ ಅಂಕವಿಲ್ಲ. ಸುಮ್ಮನಿರುವವರನ್ನು ಮಾತಿಗೆ ಎಳೆಯುವುದು, ಗಡಿಯಾರದ ಮೇಲೆ ಕಣ್ಣಿಡುವುದು, ಇನ್ನೊಬ್ಬರ ಮಾತು ಸರಿಯೆನಿಸಿದರೆ ನಿಲುವು ಬದಲಿಸುವುದು, ಇವಕ್ಕೆಲ್ಲ ಅಂಕವಿದೆ.

ಪಾರ್ಟ್‌ನರ್ ಸಂದರ್ಶನದಲ್ಲಿ ವ್ಯಾಪಾರ ಜಗತ್ತಿನ ಸುದ್ದಿಯೊಂದನ್ನು ಕೇಳಿಯೇ ಕೇಳುತ್ತಾರೆ. ಹತ್ತು ಸುದ್ದಿಗಳ ತಲೆಬರಹಕ್ಕಿಂತ ಒಂದರ ಒಳಹೊರಗು ಗೊತ್ತಿರುವುದು ಮೇಲು. ಮೈಕ್ರೊಸಾಫ್ಟ್ ಕಂಪನಿಯು ಆಟಗಳ ಕಂಪನಿ ಆಕ್ಟಿವಿಷನ್ ಬ್ಲಿಜರ್ಡ್ ಅನ್ನು ಕೊಳ್ಳಲು ಹೊರಟಾಗ ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ 2023ರ ಏಪ್ರಿಲ್‌ನಲ್ಲಿ ತಡೆಯಿತು. ಕ್ಲೌಡ್ ಗೇಮಿಂಗ್ (ದೂರದ ಸರ್ವರ್‌ನಿಂದ ಇಂಟರ್‌ನೆಟ್ ಮೂಲಕ ಆಟ ಆಡುವುದು) ಒಬ್ಬರ ಕೈಗೆ ಸಿಗುತ್ತದೆ ಎಂಬುದು ಅದರ ಆತಂಕ. ಕ್ಲೌಡ್ ಹಕ್ಕುಗಳನ್ನು ಯೂಬಿಸಾಫ್ಟ್ ಎಂಬ ಇನ್ನೊಂದು ಆಟಗಳ ಕಂಪನಿಗೆ ಮಾರುವಂತೆ ವ್ಯವಹಾರವನ್ನು ತಿದ್ದಿ ಬರೆದ ಮೇಲೆ ಅಕ್ಟೋಬರ್‌ನಲ್ಲಿ ಒಪ್ಪಿತು. ಈ ತಿದ್ದುಪಡಿಯಲ್ಲಿ ವಕೀಲರ ಯಾವ ಯಾವ ತಂಡಕ್ಕೆ ಕೆಲಸ ಬಿತ್ತು ಎಂದು ಯೋಚಿಸಿ. ಅದೇ ಬಗೆಯಲ್ಲಿ ಈ ವರ್ಷದ ಒಂದು ಸುದ್ದಿಯನ್ನು ನೀವೇ ಬಿಡಿಸಿ ಇಟ್ಟುಕೊಳ್ಳಿ.

ಸ್ಕೀಮ್ ಸಿಕ್ಕ ಮೇಲೆ

ಮೊದಲ ದಿನವೇ ಒಂದು ಸಂಗತಿ ಕಾಲಿಗೆ ತೊಡರುತ್ತದೆ. ಅಲ್ಲಿ ಪಾರ್ಟ್‌ನರ್‌ಗಳನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ‘ಸರ್’, ‘ಮೇಡಂ’ ನಾಲಿಗೆಯ ತುದಿಯಲ್ಲಿ ಬಂದರೂ ನುಂಗಿಕೊಳ್ಳಿ. ಕೆಲಸ ಕೊಟ್ಟಾಗ ಯಾವಾಗ ಬೇಕು, ಎಷ್ಟು ಪುಟ ಇರಬೇಕು, ಓದುವವರು ಯಾರು ಎಂದು ಅಲ್ಲೇ ಕೇಳಿ. ಅರ್ಥವಾದವರಂತೆ ತಲೆಯಾಡಿಸಿ ಬಂದು ತಪ್ಪು ಕೆಲಸ ಮಾಡಿದರೆ ಅವರಿಗೆ ಕಿರಿಕಿರಿ.

ವೀಸಾ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ವಿದ್ಯಾರ್ಥಿ ವೀಸಾದಲ್ಲಿ ಪದವಿ ಓದುವವರು ಸಾಮಾನ್ಯವಾಗಿ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ, ರಜೆಯಲ್ಲಿ ಪೂರ್ಣಾವಧಿ ದುಡಿಯಬಹುದು. ಆದರೆ ಒಂದು ವರ್ಷದ ಎಲ್‌ಎಲ್‌ಎಂ ವಿದ್ಯಾರ್ಥಿಗಳಿಗೆ ಬೇಸಿಗೆ ಸಾಮಾನ್ಯವಾಗಿ ರಜೆಯೆಂದು ಲೆಕ್ಕಕ್ಕೆ ಬರುವುದಿಲ್ಲ. ಅದು ಪ್ರಬಂಧ ಬರೆಯುವ ಅವಧಿ. ಸ್ಕೀಮ್ ಒಪ್ಪಿಕೊಳ್ಳುವ ಮೊದಲು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ. ಭಾರತದಿಂದ ಹೋಗುವವರು ಸಂಸ್ಥೆಯ ನೇಮಕಾತಿ ವಿಭಾಗಕ್ಕೆ ಬರೆದು ಯಾವ ವೀಸಾ ಎಂದು ಕೇಳಬೇಕು. ಪ್ರವಾಸಿ ವೀಸಾದಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ.

ಆಯ್ಕೆಯಾಗದಿದ್ದರೆ, ಅಸೆಸ್‌ಮೆಂಟ್ ಸೆಂಟರ್‌ವರೆಗೆ ಹೋದವರು ಅಭಿಪ್ರಾಯ ಕೇಳಿ ಪಡೆಯಬಹುದು. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದು. ಇನ್ನೊಂದು ದಾರಿಯೂ ಇದೆ. 2021ರ ಸೆಪ್ಟೆಂಬರ್‌ನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾಲಿಸಿಟರ್ ಆಗಲು ಎಸ್‌ಕ್ಯೂಇ ಎಂಬ ಎರಡು ಹಂತದ ಪರೀಕ್ಷೆ ಬಂದಿದೆ. ಭಾರತದಲ್ಲಿ ಈಗಾಗಲೇ ವಕೀಲರಾಗಿ ಅರ್ಹತೆ ಪಡೆದವರು ಇದಕ್ಕೆ ಉಳಿದವರಂತೆ ಎರಡು ವರ್ಷದ ಕೆಲಸದ ಅನುಭವ ತೋರಿಸಬೇಕಾಗಿಲ್ಲ. ಮೊದಲ ಹಂತವನ್ನು ಬ್ರಿಟನ್ನಿನ ಹೊರಗಿನ ಕೇಂದ್ರಗಳಲ್ಲೂ ಬರೆಯಬಹುದು; ಎರಡನೇ ಹಂತದ ಮೌಖಿಕ ಪರೀಕ್ಷೆಗೆ ಮಾತ್ರ ಅಲ್ಲಿಗೇ ಹೋಗಬೇಕು.